ದೀಪಾವಳಿಯ ಉಡುಗೊರೆ: ನಾವು ಕೊಡುವುದೇನು?

(ಸಯನ್ನಿನಲ್ಲಿ ಸೇರಿದ್ದ ನಮ್ಮ ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಪೂರ್ಣಪಾಠ)



ರಾತ್ರಿ ಹನ್ನೊಂದು ಗಂಟೆ ದಾಟಿದೆ. ನಮ್ಮಲ್ಲಿ ಹೆಚ್ಚಿನವರು ಬಾಗಿಲು ಎಳೆದು, ಮೇಜು ಒರಸಿ, ಕೈಯ ಸೋಪಿನ ವಾಸನೆ ಹೋಗುವ ಮೊದಲೇ ಇಲ್ಲಿಗೆ ಬಂದಿದ್ದೀರಿ. ನಾಳೆ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಇಡ್ಲಿಯ ಹಂಡೆ ಏರಿಸಬೇಕಾದವರೂ ಇದ್ದೀರಿ. ಹೀಗಿರುವಾಗ ಮಾತನ್ನು ಬೆಳೆಸುವುದು ನ್ಯಾಯವಲ್ಲ. ಆದರೆ ಈ ವಿಷಯವಾಗಿ ಕಾರ್ಯಕಾರಿ ಸಮಿತಿಯಲ್ಲಿ ಎರಡು ಸಲ ಜಗಳವೇ ಆಗಿದೆ. ಒಬ್ಬ ಸದಸ್ಯರು ಎದ್ದು ಹೊರಗೆ ಹೋದದ್ದೂ ಉಂಟು. ಆದುದರಿಂದ ಪೂರ್ಣ ಸಭೆಯ ಮುಂದೆ ಇಡಲೇಬೇಕಾಗಿದೆ. ವಿಷಯ ಇಷ್ಟೇ: ಈ ದೀಪಾವಳಿಗೆ ಸಂಘದ ಹಣದಿಂದ ಸದಸ್ಯರಿಗೆ ಕೊಡುವ ಉಡುಗೊರೆ ಯಾವುದಾಗಬೇಕು, ಮತ್ತು ನಾವು ನಮ್ಮ ನಮ್ಮ ಕಿಸೆಯಿಂದ ಕೊಂಡು ಊರಿಗೆ ಒಯ್ಯುವುದು ಎಂಥದಾಗಬೇಕು.

"ಇದೂ ಒಂದು ವಿಷಯವೇ? ಸಂಬಳದ ಮಾತಾಡಿ, ಬೋನಸ್ಸಿನ ಮಾತಾಡಿ" ಎಂದು ಹಿಂದಿನ ಸಾಲಿನಿಂದ ಯಾರೋ ಹೇಳಿದರು, ಕೇಳಿಸಿತು. ಬೋನಸ್ಸಿಗೂ ಬರುತ್ತೇವೆ. ಉಡುಗೊರೆಗೂ ಬೋನಸ್ಸಿಗೂ ನಂಟು ಉಂಟು.

ಹೋದ ವರ್ಷ ಸಂಘದಿಂದ ಕೊಟ್ಟದ್ದು ನಿಮಗೆಲ್ಲ ನೆನಪಿರಬಹುದು. ಒಂದರೊಳಗೊಂದು ಕೂರುವ ಮೂರು ಪ್ಲಾಸ್ಟಿಕ್ ಡಬ್ಬಿಗಳು, ಅವಕ್ಕೊಂದು ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿನ್ನದ ಬಣ್ಣದ ಹೊಳಪು ಕಾಗದ, ಅದರ ಮೇಲೆ ಕೆಂಪು ರಿಬ್ಬನ್ನು. ನೋಡುವುದಕ್ಕೆ ದೊಡ್ಡದಾಗಿತ್ತು. ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡೆವು. ಅದನ್ನು ಆರಿಸಿದವರಲ್ಲಿ ನಾವೇ ಮುಂದಿದ್ದೆವು. ತಪ್ಪನ್ನು ಬೇರೆ ಯಾರ ಮೇಲೂ ಹಾಕುವುದಿಲ್ಲ. ನಮ್ಮ ಪಾಲಿನದನ್ನು ಊರಿಗೆ ಒಯ್ದು ತಾಯಿಯ ಕೈಯಲ್ಲಿ ಕೊಟ್ಟು ಬಂದೆವು. ಯುಗಾದಿಯ ಹೊತ್ತಿಗೆ ಅವರ ಫೋನು ಬಂತು. ದೊಡ್ಡ ಡಬ್ಬಿಯ ಮುಚ್ಚಳ ಸೀಳಿತ್ತು, ಬಿಸಿ ಗಂಜಿ ಹಾಕಿದ ನಡುವಿನದು ಸೊಟ್ಟಗಾಗಿತ್ತು, ಸಣ್ಣದಕ್ಕೆ ಉಪ್ಪಿನಕಾಯಿಯ ಬಣ್ಣವೂ ವಾಸನೆಯೂ ಹಿಡಿದು ಬಿಡುತ್ತಿರಲಿಲ್ಲ. "ಬಿಸಾಡಲಾ ಮಗಾ?" ಎಂದು ಕೇಳಿದರು. ಮಗ ತಂದದ್ದೆಂದು ಅಷ್ಟು ದಿನ ಇಟ್ಟುಕೊಂಡಿದ್ದರು. ಇಲ್ಲಾದರೆ ಬೆಳಿಗ್ಗೆ ಕಚರಾ ಗಾಡಿ ಬರುತ್ತದೆ. ಅಲ್ಲಿ ಬಿಸಾಡುವುದೆಲ್ಲಿಗೆ? ಹಟ್ಟಿಯ ಹಿಂದೆ ಒಣಗಿದ ಎಲೆಯ ಜೊತೆ ಸುಟ್ಟರಂತೆ. ಆ ಹೊಗೆಯನ್ನು ದನವೂ ಕುಡಿಯಿತು, ಅವರೂ ಕುಡಿದರು. ಇದು ನಾವು ತಾಯಿಗೆ ಕೊಟ್ಟ ದೀಪಾವಳಿ ಉಡುಗೊರೆ.

ಹೊಳಪು ಕಾಗದದ ಕಥೆ ಇನ್ನೊಂದು. ಸಯನ್ ಸ್ಟೇಷನ್ನಿನಲ್ಲಿ ಪಶ್ಚಿಮಕ್ಕೆ ಇಳಿದರೆ ಧಾರಾವಿ ಎಂಬುದು ನಿಮಗೆ ಹೇಳಬೇಕಾಗಿಲ್ಲ. ಅಲ್ಲಿಯ ತೇರಾ ಕಂಪೌಂಡಿನಲ್ಲಿ ಇಡೀ ಶಹರದ ಹಳೆ ಪ್ಲಾಸ್ಟಿಕ್ಕು ಬಂದು ಬೀಳುತ್ತದೆ. ಗಂಡಸರೂ ಹೆಂಗಸರೂ ಕೂತು ಅದನ್ನು ಕೈಯಲ್ಲೇ ಬೇರೆ ಮಾಡುತ್ತಾರೆ: ಬಾಲ್ದಿಯದು ಬೇರೆ, ಬಾಟಲಿಯದು ಬೇರೆ, ಹಾಲಿನ ಚೀಲದ್ದು ಬೇರೆ. ಆಮೇಲೆ ಯಂತ್ರದಲ್ಲಿ ಪುಡಿಮಾಡಿ, ತೊಳೆದು, ಮಾಡಿನ ಮೇಲೆ ಒಣಗಿಸಿ, ಕರಗಿಸಿ ಮತ್ತೆ ಕಾಳು ಮಾಡುತ್ತಾರೆ. ಒಬ್ಬ ಸದಸ್ಯರ ರೂಮು ಹುಡುಕಿಕೊಂಡು ಹೋದಾಗ ಅಲ್ಲಿ ಬೇರ್ಪಡಿಸುವ ಕೆಲಸದ ಒಬ್ಬನೊಡನೆ ಮಾತಿಗೆ ನಿಂತೆವು. ಯಾವ ಪ್ಲಾಸ್ಟಿಕ್ಕು ಯಾವುದೆಂದು ಅವನು ಬಗ್ಗಿಸಿ ನೋಡಿ, ಉಗುರಿನಿಂದ ಗೀರಿ, ಸದ್ದು ಕೇಳಿ ಹೇಳುತ್ತಾನೆ. ನಮ್ಮ ಅಡಿಗೆಯವರು ಹಿಟ್ಟನ್ನು ಮುಟ್ಟಿ ಹುಳಿ ಬಂತೋ ಇಲ್ಲವೋ ಹೇಳಿದ ಹಾಗೆ. ಹೊಳಪು ಕಾಗದಕ್ಕೆ ಏನು ದರ ಎಂದು ಕೇಳಿದೆವು. ನಕ್ಕ. ಅದು ಕಾಗದವೂ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ. ಎರಡನ್ನೂ ಅಂಟಿಸಿದ್ದಾರೆ, ಬಿಡಿಸಲು ಬರುವುದಿಲ್ಲ, ಪುಕ್ಕಟೆ ಕೊಟ್ಟರೂ ಬೇಡ ಎಂದ. ಎಲ್ಲದಕ್ಕೂ ದರ ಕಟ್ಟುವ ಧಾರಾವಿಯಲ್ಲಿ ದರವಿಲ್ಲದ್ದು ಅದು. ಮತ್ತೆಲ್ಲಿಗೆ ಹೋಗುತ್ತದೆ? ಗಟಾರಕ್ಕೆ, ಇಲ್ಲವೇ ಕಸದ ಗುಡ್ಡಕ್ಕೆ. ದೇವನಾರಿನ ಕಸದ ಗುಡ್ಡ 1927ರಿಂದ ಬೆಳೆಯುತ್ತ ಬಂದದ್ದು. 2016ರ ಜನವರಿಯಲ್ಲಿ ಅದಕ್ಕೆ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆ ಕವಿದಾಗ ಗೋವಂಡಿ, ಚೆಂಬೂರು ಕಡೆ ಇದ್ದ ನಮ್ಮವರು ಕಿಟಕಿ ಮುಚ್ಚಿಕೊಂಡು ಕೂತದ್ದನ್ನು ಮರೆತಿಲ್ಲವಷ್ಟೆ.

ಗಟಾರದ ಮಾತು ಬಂದದ್ದಕ್ಕೆ 2005ರ ಜುಲೈ 26ನ್ನು ಹೇಳದಿರಲಾರೆವು. ಸಾಂತಾಕ್ರೂಜಿನ ಮಾಪಕದಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಮುಂಬಯಿಯಲ್ಲೇ ನೂರಾರು ಜನ ಸತ್ತರು. ನಾವಾಗ ಕ್ಲೀನರ್ ಹುಡುಗರು. ಏಳನೆಯ ತರಗತಿ ಮುಗಿಸಿ ಊರು ಬಿಟ್ಟು ಎರಡು ವರ್ಷ ಪೂರ್ತಿಯಾಗಿರಲಿಲ್ಲ. ಹೋಟೆಲಿನೊಳಗೆ ಎದೆಮಟ್ಟದ ನೀರು. ಅಕ್ಕಿಯ ಮೂಟೆಗಳನ್ನು ಮೇಜಿನ ಮೇಲೆ, ಮೇಜಿನಿಂದ ಅಟ್ಟಕ್ಕೆ ಏರಿಸಿ, ನಾವು ನಾಲ್ಕು ಹುಡುಗರು ಅದೇ ಅಟ್ಟದಲ್ಲಿ ರಾತ್ರಿ ಕಳೆದೆವು. ಮೂರನೆಯ ದಿನ ನೀರು ಇಳಿಯಲೊಲ್ಲದು ಎಂದು ಬಾಗಿಲ ಎದುರಿನ ಗಟಾರದ ಬಾಯಿಗೆ ನಮ್ಮನ್ನು ಇಳಿಸಿದರು. ಕೈಗೆ ಸಿಕ್ಕಿದ್ದು ಮಣ್ಣಲ್ಲ, ಕಲ್ಲಲ್ಲ, ತೆಳು ಚೀಲಗಳು. ಎಳೆದಷ್ಟೂ ಬರುತ್ತಿದ್ದವು. ಬಿಳಿಯವು, ಗುಲಾಬಿಯವು, ಕೆಲವಕ್ಕೆ ಕಟ್ಟಿದ ಗಂಟು ಹಾಗೆಯೇ ಇತ್ತು. ಆ ಗಂಟನ್ನು ನಾವು ಗುರುತಿಸಿದೆವು. ಸಾಂಬಾರು ಪಾರ್ಸಲ್ ಕಟ್ಟುವಾಗ ಒಮ್ಮೆ ಸುತ್ತಿ ಒಳಗೆ ತೂರಿಸುವ ಗಂಟು. ಅದನ್ನು ಕಟ್ಟಿದ್ದು ನಾವೇ. ದಿನಕ್ಕೆ ನೂರಿನ್ನೂರು ಕಟ್ಟುತ್ತಿದ್ದೆವು.

ಮಿಠಿ ನದಿಯ ಪಾತ್ರವನ್ನು ಕಿರಿದುಮಾಡಿದ್ದು ನಾವಲ್ಲ. ಉಪ್ಪಿನ ಗದ್ದೆ, ಕಾಂದಲ ಕಾಡು ತುಂಬಿಸಿ ಕಟ್ಟಡ ಎಬ್ಬಿಸಿದ್ದೂ ನಾವಲ್ಲ. ದೊಡ್ಡ ತಪ್ಪು ದೊಡ್ಡವರದು. ಅದನ್ನು ಚೀಲದ ಮೇಲೆ ಹೊರಿಸಿ ಅವರು ಕೈತೊಳೆದುಕೊಳ್ಳುವುದನ್ನು ನಾವು ಒಪ್ಪಬಾರದು. ಆದರೆ ಸಯನ್ನಿನ ಹಳಿಯ ಮೇಲೆ, ಗಾಂಧಿ ಮಾರ್ಕೆಟಿನ ಎದುರು, ಹಿಂದಮಾತಾದ ಹತ್ತಿರ ನೀರು ನಿಂತಾಗ ಅದರಲ್ಲಿ ನಡೆದು ಡ್ಯೂಟಿಗೆ ಹೋಗುವವರು ಯಾರು? ಗಟಾರಕ್ಕೆ ಇಳಿಯುವವರು ಯಾರು? ಇಳಿಯುವವನೂ ಒಬ್ಬ ಕಾಮಗಾರ. ಹಬ್ಬದ ಮರುದಿನ ಅವನ ತಳ್ಳುಗಾಡಿಯನ್ನು ನೋಡಿದ್ದೀರಾ? ನಾವು ಪೋಸ್ತೆಂದು ಅವನಿಗೆ ಕೊಡುವುದು ಐವತ್ತು ರೂಪಾಯಿ; ಅದರ ಜೊತೆ ಹೊರಲಿಕ್ಕೆ ಕೊಡುವುದು ಚಾಳಿನ ಅಷ್ಟೂ ಮನೆಗಳ ಪೆಟ್ಟಿಗೆ, ಥರ್ಮೊಕೋಲು, ಜರಿ ಕಾಗದ.

ಕಾನೂನೂ ಇದೆ. 2018ರ ಮಾರ್ಚ್ 23ರಂದು ಮಹಾರಾಷ್ಟ್ರ ಸರಕಾರದ ಆಜ್ಞೆಯಾಗಿ ಪ್ಲಾಸ್ಟಿಕ್ ಚೀಲ, ಥರ್ಮೊಕೋಲಿನ ತಟ್ಟೆ ಲೋಟಗಳು ನಿಷೇಧವಾದವು. ಮೊದಲ ಸಲ ಸಿಕ್ಕಿಬಿದ್ದರೆ 5,000 ರೂಪಾಯಿ ದಂಡ. 2022ರ ಜುಲೈ 1ರಿಂದ ದೇಶಕ್ಕೆಲ್ಲ ಇನ್ನೊಂದು ನಿಷೇಧ ಬಂತು. ಅದರ ಪಟ್ಟಿಯಲ್ಲಿ ಮಿಠಾಯಿ ಪೆಟ್ಟಿಗೆಗೆ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಯ ಹೆಸರೇ ಇದೆ. ಅಲಂಕಾರದ ಥರ್ಮೊಕೋಲೂ ಇದೆ. ನಿಮ್ಮ ಕೈಗೆ ಈಚೆಗೆ ಬಂದ ಮಿಠಾಯಿ ಪೆಟ್ಟಿಗೆಯನ್ನು ನೆನಪುಮಾಡಿಕೊಳ್ಳಿ, ಸಾಕು. ದಂಡ ಬೀಳುವುದು ಮಾತ್ರ ಹೆಚ್ಚಾಗಿ ಕೈಗಾಡಿಯ ಹೂವಿನವಳಿಗೆ.

ಇನ್ನು ಸಮಿತಿಯ ಜಗಳಕ್ಕೆ ಬರುತ್ತೇವೆ. ಎದ್ದುಹೋದ ಸದಸ್ಯರು ಇಂದು ಇಲ್ಲೇ ಕೂತಿದ್ದಾರೆ; ಅವರ ಅಪ್ಪಣೆ ಪಡೆದೇ ಹೇಳುತ್ತಿದ್ದೇವೆ. ಅವರ ಮಗಳಿಗೆ ಮದುವೆಯಾಗಿ ಇದು ಮೊದಲ ದೀಪಾವಳಿ. "ಮಣ್ಣಿನ ಹಣತೆ, ಬಟ್ಟೆಯ ಚೀಲ ಹಿಡಿದುಕೊಂಡು ಬೀಗರ ಮನೆಗೆ ಹೋದರೆ ನನ್ನ ಮುಖವನ್ನು ಎಲ್ಲಿ ಇಡಲಿ? ಮುಂಬಯಿಯಲ್ಲಿ ಇಪ್ಪತ್ತೈದು ವರ್ಷ ದುಡಿದವ ತಂದದ್ದು ಇಷ್ಟೆಯಾ ಎಂದು ಕೇಳುವುದಿಲ್ಲವಾ?" ಎಂದರು. ಇದು ನಗುವ ಮಾತಲ್ಲ. ಮಾಣಿಯ ಕೆಲಸ ಮಾಡುವವನಿಗೆ ವರ್ಷದಲ್ಲಿ ಒಂದು ಸಲ, ಊರಿನ ಬಸ್ ಸ್ಟಾಂಡಿನಲ್ಲಿ ಇಳಿಯುವಾಗ ಮಾತ್ರ, ನಾಲ್ಕು ಜನರ ಎದುರು ತಲೆಯೆತ್ತಿ ನಿಲ್ಲುವ ಅವಕಾಶ. ಆಗ ಕೈಯಲ್ಲಿ ದೊಡ್ಡ ಪೆಟ್ಟಿಗೆ ಇರಲಿ ಎಂದು ಅವನಿಗೆ ಅನಿಸಿದರೆ ಅದನ್ನು ಹೀಯಾಳಿಸುವ ಹಕ್ಕು ಯಾರಿಗೂ ಇಲ್ಲ. ಪರಿಸರ, ಪರಿಸರ ಎಂದು ಹೊಟ್ಟೆ ತುಂಬಿದವರು ಹೇಳುವಾಗ ಈ ಸಂಕಟ ಅವರಿಗೆ ಕಾಣುವುದಿಲ್ಲ. ಮಾಲುಗಳಲ್ಲಿ ಈಗ ಪರಿಸರಸ್ನೇಹಿ ಎಂದು ಬರೆದ ಬುಟ್ಟಿಗಳೂ ಬಂದಿವೆ. ಒಂದನ್ನು ತೆರೆದು ನೋಡಿದೆವು: ಒಂದು ಬಿದಿರಿನ ಹಲ್ಲುಜ್ಜುವ ಬ್ರಶ್ಶು, ಅಂಗೈ ಅಗಲದ ಸೋಪು, ಒಂದು ಮೇಣದ ಬತ್ತಿ, ಸುತ್ತ ಮೂರು ಸುತ್ತು ಹೊದಿಕೆ, ಬೆಲೆ ನಮ್ಮ ಕ್ಲೀನರ್ ಹುಡುಗನ ವಾರದ ಸಂಬಳ.

ಆದರೆ ದೊಡ್ಡ ಪೆಟ್ಟಿಗೆಯಿಂದ ಮಾನ ಉಳಿಯುತ್ತದೆಯೇ ಎಂಬುದನ್ನೂ ನೋಡಬೇಕು. ಎರಡು ವರ್ಷದ ಹಿಂದೆ ನಾವು ಒಬ್ಬರಿಗೆ ಆರು ಗಾಜಿನ ಲೋಟದ ಸೆಟ್ಟು ಕೊಟ್ಟಿದ್ದೆವು. ಹೋದ ದೀಪಾವಳಿಗೆ ಅದೇ ಸೆಟ್ಟು ನಮ್ಮ ರೂಮಿಗೆ ಬಂತು, ಬೇರೆಯವರ ಕೈಯಿಂದ. ಒಳಗೆ ನಾವು ಬರೆದಿಟ್ಟ ಚೀಟಿ ಹಾಗೆಯೇ ಇತ್ತು! ಮೂರು ಮನೆ ಸುತ್ತಿತ್ತು, ಯಾರೂ ಒಂದು ಗುಟುಕು ನೀರು ಕುಡಿದಿರಲಿಲ್ಲ. ಕೊಟ್ಟವರನ್ನು ಕೇಳಿದೆವು, ಅವರೂ ನಕ್ಕರು, ನಾವೂ ನಕ್ಕೆವು. ಇಂಥ ವಸ್ತುವನ್ನು ಕೊಂಡದ್ದಕ್ಕೆ ಒಬ್ಬನ ದುಡ್ಡು ಹೋಯಿತು. ಬಳಸಿದವರು ಯಾರೂ ಇಲ್ಲ.

ಹಾಗಾದರೆ ಏನು ಕೊಡೋಣ? ನಮ್ಮ ಮನಸ್ಸಿಗೆ ಬಂದ ಲೆಕ್ಕ ಇದು. ಪಡೆದವರು ದಿನವೂ ಬಳಸುವಂಥದಾಗಬೇಕು. ಹಳೆಯದಾದ ಮೇಲೆ ಯಾರ ತಲೆಯ ಮೇಲೂ ಬೀಳದಿರಬೇಕು. ನಮ್ಮ ದುಡ್ಡು, ಆದಷ್ಟು ಮಟ್ಟಿಗೆ, ಅದನ್ನು ಮಾಡಿದ ಕೈಗೆ ಮುಟ್ಟಬೇಕು. ಮೂರೂ ಕೂಡಿಬರುವುದು ಕಷ್ಟ, ಎರಡಾದರೂ ಬರಲಿ.

ಬಟ್ಟೆಯ ವಿಷಯದಲ್ಲಿ ನಮಗೆ ಗುರುಗಳು ಈ ಮುಂದಿನ ಸಾಲಿನಲ್ಲಿ ಕೂತ ಗಿರಣಿಯ ಹಿರಿಯರು. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಹೊರಗೆ ನಿಂತರು. ಗಿರಣಿಗಳು ಒಂದೊಂದಾಗಿ ಹೋದವು. ಇವರ ಕೈಯ ವಿದ್ಯೆ ಮಾತ್ರ ಹೋಗಿಲ್ಲ. ಹೋದ ಭಾನುವಾರ ಅವರಲ್ಲೊಬ್ಬರ ಮುಂದೆ ಅಂಗಡಿಯಿಂದ ತಂದ ಮೂರು ಚೀಲಗಳನ್ನಿಟ್ಟು, "ಇವೆಲ್ಲ ಬಟ್ಟೆಯ ಚೀಲ, ಯಾವುದು ಒಳ್ಳೆಯದು ಹೇಳಿ" ಎಂದೆವು. ಅವರು ಬೀಡಿಯ ಬೆಂಕಿಕಡ್ಡಿ ತೆಗೆದರು. ಒಂದೊಂದರಿಂದ ಒಂದು ಎಳೆ ಕಿತ್ತು ಹಚ್ಚಿದರು. ಮೊದಲನೆಯದು ಕಾಗದದ ಹಾಗೆ ಉರಿದು, ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಉದುರುವ ಬೂದಿಯಾಯಿತು. "ಇದು ಹತ್ತಿ." ಎರಡನೆಯದು ಮುದುರಿ, ಕರಗಿ, ತುದಿಯಲ್ಲಿ ಗಟ್ಟಿಯಾದ ಕರಿಮಣಿ ಕಟ್ಟಿತು. "ಪಾಲಿಯೆಸ್ಟರ್." ಮೂರನೆಯದು, ಇಂದು ಎಲ್ಲ ಅಂಗಡಿಯಲ್ಲೂ ಬಟ್ಟೆ ಚೀಲ ಎಂದು ಕೊಡುವ ಬಣ್ಣಬಣ್ಣದ ಚೀಲ, ಅದರಲ್ಲಿ ಎಳೆಯೇ ಇರಲಿಲ್ಲ. ಹಾಸುಹೊಕ್ಕಿಲ್ಲದ್ದು ಬಟ್ಟೆ ಹೇಗಾದೀತು ಎಂದರು. ತುಂಡು ಹರಿದು ಹಚ್ಚಿದರೆ ಮೇಣದ ಬತ್ತಿಯ ವಾಸನೆ ಬಂದು ತೊಟ್ಟಿಕ್ಕಿತು. ಅದು ಶುದ್ಧ ಪ್ಲಾಸ್ಟಿಕ್ಕು, ಪಾಲಿಪ್ರೊಪಿಲೀನು, ಬಟ್ಟೆಯ ವೇಷ ಹಾಕಿದೆ. ನಾವು ಇಷ್ಟು ದಿನ ಸಂಘದ ಹೆಸರು ಮುದ್ರಿಸಿ ಹಂಚಿದ್ದು ಅದನ್ನೇ. ಆ ಹೊತ್ತಿಗೆ ನಮ್ಮ ಮುಖವನ್ನು ಎಲ್ಲಿ ಇಡುವುದೆಂದು ನಮಗೂ ತಿಳಿಯಲಿಲ್ಲ.

ಆದುದರಿಂದ ಚೀಲಕ್ಕೆ ಮಾಂಜರಪಾಟು. ಬಿಳುಪುಮಾಡದ, ಬಣ್ಣಹಾಕದ, ದಪ್ಪ ಹತ್ತಿಯ ಬಟ್ಟೆ. ಮಾರ್ಕೆಟಿಗೆ ಐದು ವರ್ಷ ಒಯ್ಯಬಹುದು, ಹರಿದರೆ ಹೋಟೆಲಿನಲ್ಲಿ ಮೇಜು ಒರಸುವ ಬಟ್ಟೆ, ಅದೂ ತೀರಿದ ಮೇಲೆ ಮಣ್ಣಿಗೆ. ಹೊಲಿಯುವುದಕ್ಕೆ ಸದಸ್ಯರ ಮನೆಯ ಹೆಂಗಸರು ಮುಂದೆ ಬಂದಿದ್ದಾರೆ. ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ: ಹೊಲಿಗೆಗೆ ಕೂಲಿ ಕೊಡಬೇಕು. "ಸಂಘದ ಸೇವೆ" ಎಂದು ಪುಕ್ಕಟೆ ಹೊಲಿಸಿಕೊಂಡರೆ ನಮಗೂ ಮಾಲಿಕರಿಗೂ ವ್ಯತ್ಯಾಸ ಉಳಿಯುವುದಿಲ್ಲ.

ಬೀಗರಿಗೆ, ತಾಯಿಗೆ, ಅಕ್ಕನಿಗೆ ಕೊಡುವ ಸೀರೆಯ ಮಾತು ಬೇರೆ. ಅದು ಸಂಘದ ಹಣದಲ್ಲಿ ಆಗುವುದಲ್ಲ. ಆದರೂ ನಾವು ದಾದರಿನಲ್ಲಿ ಹೊಳೆಯುವ ನೈಲಾನು ಸೀರೆ ಕೊಂಡು ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಒಯ್ಯುತ್ತೇವಲ್ಲ, ಆ ಊರಿನಲ್ಲೇ ಉಡುಪಿ ಸೀರೆ ನೇಯುವ ಮಗ್ಗಗಳಿವೆ. ಹತ್ತಿಯ ಸೀರೆ, ಉಟ್ಟರೆ ಹಗುರ, ಬಣ್ಣದ ಅಂಚು. ಆ ಮಗ್ಗಗಳ ಸದ್ದು ನಿಂತೇಹೋಗುವ ಸ್ಥಿತಿ ಬಂದಿತ್ತು. ಮಗ್ಗದ ಕೂಲಿ ಸಾಲದೆ ಆ ಮನೆಗಳ ಮಕ್ಕಳಲ್ಲಿ ಎಷ್ಟೋ ಮಂದಿ ಮುಂಬಯಿ ಸೇರಿದರು. ಅಂಥವರು ಈ ಸಭೆಯಲ್ಲೇ ಇದ್ದಾರೆ. ಈಚಿನ ವರ್ಷಗಳಲ್ಲಿ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರಿ ಸಂಘದಲ್ಲಿ ಮತ್ತೆ ಮಗ್ಗ ಹೂಡಿದ್ದಾರೆ, ಗಿಡಮೂಲದ ಬಣ್ಣದಿಂದಲೂ ನೇಯುತ್ತಿದ್ದಾರೆ. ಬೆಲೆ ಸಾವಿರ ದಾಟುತ್ತದೆ, ಸುಳ್ಳು ಹೇಳುವುದಿಲ್ಲ. ಮೂರು ನೈಲಾನು ಸೀರೆಯ ಬದಲು ಒಂದು ಕೊಡಬೇಕಾದೀತು. ಬಾಗಲಕೋಟೆ, ಬಿಜಾಪುರದ ಕಡೆಯವರಿಗೆ ಇಲಕಲ್ಲಿನ ಸೀರೆ ಹೇಳಬೇಕಾಗಿಲ್ಲ. ಆದರೆ ಅದರ ಹೆಸರಿನಲ್ಲಿ ಯಂತ್ರದ ನಕಲು ರಾಶಿ ಬಿದ್ದಿದೆ. ಕೈಮಗ್ಗದ ಇಲಕಲ್ಲಿನಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಸೆರಗು ಆರಂಭವಾಗುವಲ್ಲಿ ತಿರುವಿ ನೋಡಿದರೆ ಆ ಕೊಂಡಿ ಸಿಗುತ್ತದೆ. ಇದನ್ನು ಹೇಳಿಕೊಟ್ಟವರೂ ಗಿರಣಿಯ ಹಿರಿಯರೇ. ಸೀರೆ ಕೊಳ್ಳಲು ಹೋಗುವ ಸದಸ್ಯರ ಜೊತೆಗೆ ಬರುತ್ತೇನೆ ಎಂದಿದ್ದಾರೆ. ಎದ್ದುಹೋದ ನಮ್ಮ ಗೆಳೆಯರಿಗೆ ಇದು ಉಪಯೋಗವಾದೀತು. ಹೊದಿಯುವುದಕ್ಕಾದರೆ ಸೋಲಾಪುರದ ಹತ್ತಿ ಚಾದರ. ಅದರಲ್ಲೂ ನಕಲು ಉಂಟು, ಅಲ್ಲಿಯೂ ಬೆಂಕಿಕಡ್ಡಿಯ ಪರೀಕ್ಷೆಯೇ ಗತಿ. ಅಂಗಡಿಯವನ ಎದುರು ಹಚ್ಚಬೇಡಿ, ಒಂದು ಎಳೆ ಕೇಳಿ ತೆಗೆದುಕೊಂಡು ಹೊರಗೆ ಬಂದು ಹಚ್ಚಿ.

ಮಕ್ಕಳಿಗೆ ಚನ್ನಪಟ್ಟಣದ ಗೊಂಬೆ. ಆಲೆ ಮರವನ್ನು ಕಡೆದು, ಅರಗಿಗೆ ಬಣ್ಣ ಬೆರೆಸಿ, ತಿರುಗುವ ಮರಕ್ಕೇ ಒತ್ತಿ ಹಿಡಿದು ಬಣ್ಣ ಏರಿಸಿ, ಕೇದಗೆ ಜಾತಿಯ ಎಲೆಯಿಂದ ಉಜ್ಜಿ ಮಿರುಗು ತರುತ್ತಾರೆ. ಕೂಸು ಬಾಯಿಗೆ ಹಾಕಿದರೂ ಹೆದರಿಕೆ ಕಡಿಮೆ. ಪಟಾಕಿಯ ವಿಷಯ ಇಂದು ಎತ್ತುವುದಿಲ್ಲ, ಎತ್ತಿದರೆ ಬೆಳಗಾಗುತ್ತದೆ.

ಹಣತೆಯ ಮಾತಿಗೆ ಸ್ವಲ್ಪ ಸಮಯ ಬೇಕು. ನಮ್ಮ ಸಯನ್ನಿನಿಂದ ಕಾಲ್ನಡಿಗೆಯಲ್ಲಿ, ಧಾರಾವಿಯ ತೊಂಬತ್ತಡಿ ರಸ್ತೆಯ ಬದಿಯಲ್ಲಿ ಕುಂಭಾರವಾಡ ಇದೆ. ಸೌರಾಷ್ಟ್ರದಿಂದ ಬಂದ ಕುಂಬಾರರು ತಲೆಮಾರುಗಳಿಂದ ಅಲ್ಲಿ ಇದ್ದಾರೆ. ಮನೆಯ ಎದುರಿಗೇ ಚಕ್ರ, ಮನೆಯ ಎದುರಿಗೇ ಒಣಗಲು ಇಟ್ಟ ಮಡಕೆ, ನಡುವೆ ನಾಲ್ಕಾರು ಮನೆಗೆ ಕೂಡಿ ಒಂದು ಭಟ್ಟಿ. ದೀಪಾವಳಿಗೆ ತಿಂಗಳುಗಟ್ಟಲೆ ಮೊದಲೇ ಹಣತೆಯ ಕೆಲಸ ಹಿಡಿಯುತ್ತಾರೆ. ಮಣ್ಣು ಮೆಟ್ಟುವುದು ಗಂಡಸರು, ಬಣ್ಣ ಹಚ್ಚುವುದು ಹೆಂಗಸರು. ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಆರು ಹಣತೆಗೆ ಕೇಳುವ ಬೆಲೆಗೆ ಅಲ್ಲಿ ಡಜನ್‌ಗಟ್ಟಲೆ ಸಿಗುತ್ತವೆ, ಮತ್ತು ದುಡ್ಡು ಮಾಡಿದವನ ಕೈಯಲ್ಲೇ ಬೀಳುತ್ತದೆ.

ಅಲ್ಲಿ ಕಂಡದ್ದೆಲ್ಲ ಚಂದ ಎಂದು ಹೇಳಲಾರೆವು. ಭಟ್ಟಿಗೆ ಹಾಕುವುದು ಹತ್ತಿಯ ಚಿಂದಿ, ಮರದ ಹೊಟ್ಟು. ಹಚ್ಚಿದ ದಿನ ಓಣಿಯಲ್ಲಿ ಕಣ್ಣು ಬಿಡುವ ಹಾಗಿಲ್ಲ. ಹೋಟೆಲಿನ ಭಟ್ಟಿಯ ಎದುರು ನಿಂತವರಿಗೆ ಆ ಹೊಗೆ ಎದೆಗೆ ಏನು ಮಾಡುತ್ತದೆಂದು ಗೊತ್ತು. ಮಣ್ಣಿನ ಹಣತೆ ಪಾಪವಿಲ್ಲದ ವಸ್ತು ಎಂದು ಭಾಷಣ ಮಾಡಿದರೆ ಆ ಕುಂಬಾರನೇ ನಕ್ಕಾನು. ಆದರೂ ಅದನ್ನೇ ಕೊಳ್ಳೋಣ ಎನ್ನುವುದಕ್ಕೆ ಕಾರಣ ಉಂಟು. ಧಾರಾವಿಯನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆಯ ಟೆಂಡರು 2022ರಲ್ಲಿ ಅದಾನಿ ಸಮೂಹದ ಪಾಲಾಯಿತು. ಅಲ್ಲಿ ಒಬ್ಬ ಮುದುಕ ಕುಂಬಾರ ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: "ನನಗೆ ಏಳನೆಯ ಮಾಳಿಗೆಯಲ್ಲಿ ಮನೆ ಕೊಟ್ಟರೆ ಮಣ್ಣನ್ನು ಲಿಫ್ಟಿನಲ್ಲಿ ಏರಿಸಲಾ? ಭಟ್ಟಿಯನ್ನು ಗ್ಯಾಲರಿಯಲ್ಲಿ ಹಚ್ಚಲಾ?" ಹೊಗೆಯಿಲ್ಲದ ಭಟ್ಟಿಯೂ ಬೇಕು, ಒಣಗಿಸುವ ಅಂಗಳವೂ ಬೇಕು, ಎರಡನ್ನೂ ಕೇಳುವ ಹಕ್ಕು ಅವರದು. ಗಿರಣಿ ಎದ್ದುಹೋದ ಜಾಗದಲ್ಲಿ ಏನೆದ್ದಿತು ಎಂಬುದನ್ನು ಲೋವರ್ ಪರೇಲಿನ ಫೀನಿಕ್ಸ್ ಮಿಲ್ಲಿನ ಕಡೆ ಒಮ್ಮೆ ನಡೆದವರಿಗೆ ಹೇಳಬೇಕಿಲ್ಲ. ಆ ಜಾಗದಲ್ಲಿ ದುಡಿದವರಿಗೆ ಈಗ ಅಲ್ಲಿ ಒಂದು ಚಹಾ ಕುಡಿಯುವ ತಾಕತ್ತಿಲ್ಲ. ಕುಂಬಾರರ ಸರದಿ ಬಂದಾಗ ನಾವು ಸುಮ್ಮನೆ ನೋಡುತ್ತ ಕೂರಬಾರದು. ಅವರ ಗಿರಾಕಿಗಳಾದರೂ ಆಗಿರೋಣ.

ಬಣ್ಣ ಬಳಿದ, ಕನ್ನಡಿಚೂರು ಅಂಟಿಸಿದ ಹಣತೆ ಬೇಡ, ಬರಿಯ ಕೆಂಪು ಮಣ್ಣಿನದೇ ಇರಲಿ. ತಂದ ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು ಮರುದಿನ ಒಣಗಿಸಿದರೆ ಎಣ್ಣೆ ಕುಡಿಯುವುದು ಕಡಿಮೆಯಾಗುತ್ತದೆ. ಮೇಲೆ ತೂಗಿಸುವುದಕ್ಕೆ ಗೂಡುದೀಪವನ್ನು ನಾವೇ ಕಟ್ಟೋಣ. ಬಿದಿರ ಕಡ್ಡಿ, ಬಣ್ಣದ ಕಾಗದ, ಮೈದಾ ಅಂಟು. ಮೈದಾಕ್ಕೇನು ಕೊರತೆ ನಮಗೆ!

ತಿನ್ನುವ ಉಡುಗೊರೆಯ ವಿಷಯ ನಮಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರಬೇಕು. ಇಡೀ ಮುಂಬಯಿಗೆ ತಿನ್ನಿಸುವವರು ನಾವು, ಹಬ್ಬಕ್ಕೆ ಮಾತ್ರ ಅಂಗಡಿಯ ಪೆಟ್ಟಿಗೆ ಕೊಳ್ಳುತ್ತೇವೆ. ಸ್ಟೀಲಿನ ಡಬ್ಬಿಯಲ್ಲಿ ನಮ್ಮವರೇ ಕಟ್ಟಿದ ಲಾಡು ಹಾಕಿ ಕೊಡೋಣ ಎಂಬುದು ಸಮಿತಿಯ ಸಲಹೆ. ಊರಲ್ಲಿ ನೆರೆಮನೆಯಿಂದ ಬಂದ ಪಾತ್ರೆಯನ್ನು ಖಾಲಿ ಮರಳಿಸುವ ಪದ್ಧತಿ ಇರಲಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಅಕ್ಕಿ, ಎರಡು ಮೆಣಸಾದರೂ ಹಾಕಿ ಕೊಡುತ್ತಿದ್ದರು. ಪರೇಲು, ಲಾಲಬಾಗಿನ ಚಾಳುಗಳಲ್ಲಿ ದೀಪಾವಳಿಯ ಫರಾಳದ ತಾಟು ಮನೆಯಿಂದ ಮನೆಗೆ ಹೋಗಿ ಬೇರೆ ತಿಂಡಿ ಹೊತ್ತು ಮರಳುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ಮುಂಬಯಿಯ ಡಬ್ಬಾವಾಲಾಗಳು 1890ರಿಂದ ಮಾಡುತ್ತ ಬಂದದ್ದೂ ಅದೇ: ತುಂಬಿದ್ದು ಹೋಗುತ್ತದೆ, ಖಾಲಿಯಾದದ್ದು ಅದೇ ದಿನ ಮನೆಗೆ ಮರಳುತ್ತದೆ, ಬಿಸಾಡುವುದು ಏನೂ ಇಲ್ಲ.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇವೆ. ಹೋದ ವರ್ಷ ಒಬ್ಬ ಸದಸ್ಯರಿಗೆ ಬಿದ್ದದ್ದು 260 ರೂಪಾಯಿ. ಅದರಲ್ಲಿ ಪೆಟ್ಟಿಗೆ, ಹೊಳಪು ಕಾಗದ, ರಿಬ್ಬನ್ನಿಗೆಂದೇ 35. ಈ ವರ್ಷ ಸ್ಟೀಲಿನ ಡಬ್ಬಿಗೆ 130, ಚೀಲದ ಬಟ್ಟೆ ಮತ್ತು ಹೊಲಿಗೆಗೆ 45, ಒಂದು ಡಜನ್ ಹಣತೆಗೆ 30, ಲಾಡುವಿನ ಸಾಮಾನಿಗೆ 50. ಒಟ್ಟು 255. ಲಾಡು ಕಟ್ಟಲು ಇಬ್ಬರು ಅಡಿಗೆಯವರು ಒಂದು ರಾತ್ರಿಯ ಕೆಲಸವನ್ನು ತಮ್ಮ ಕಾಣಿಕೆ ಎಂದು ಒಪ್ಪಿದ್ದಾರೆ. ಹೊಲಿಗೆಗೆ ಕೂಲಿ ಕೊಟ್ಟು ಅವರಿಗೆ ಕೊಡದಿರುವುದು ಸರಿಯೇ ಎಂದು ಖಜಾಂಚಿಯವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ, ಸಭೆಯೇ ತೀರ್ಮಾನಿಸಲಿ.

ಈಗ ಬೋನಸ್ಸು. ದೀಪಾವಳಿಯ ಹಿಂದಿನ ದಿನ ಮಾಲಿಕರು ಗಲ್ಲದ ಹತ್ತಿರ ಕರೆದು ಒಂದು ಮಿಠಾಯಿ ಪೆಟ್ಟಿಗೆ ಕೈಯಲ್ಲಿಟ್ಟು ಬೆನ್ನು ತಟ್ಟುತ್ತಾರೆ. ಹಲವು ಕಡೆ ಅಲ್ಲಿಗೆ ಬೋನಸ್ಸು ಮುಗಿಯಿತು. ಪೆಟ್ಟಿಗೆ ಉಡುಗೊರೆ, ಬೋನಸ್ಸು ಹಕ್ಕು. ಅದು ಇದರ ಬದಲಾಗುವುದಿಲ್ಲ. 1924ರಲ್ಲಿ ಮುಂಬಯಿಯ ಗಿರಣಿ ಕಾಮಗಾರರು ಬೋನಸ್ಸಿಗೆಂದೇ ಸುಮಾರು ಎರಡು ತಿಂಗಳು ಮುಷ್ಕರ ಹೂಡಿ ಸೋತರು. 1965ರ ಕಾಯಿದೆ ಬರುವುದಕ್ಕೆ ಮುಂದೆ ನಲವತ್ತು ವರ್ಷ ಬೇಕಾಯಿತು. ಇಪ್ಪತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ, ವರ್ಷದಲ್ಲಿ 30 ದಿನ ದುಡಿದವನಿಗೂ, ಸಂಬಳದ ಒಂದು ಕನಿಷ್ಠ ಪಾಲು ಎಂದು ಅದು ಗೊತ್ತುಮಾಡಿತು; ಆ ಕನಿಷ್ಠ ಮುಂದೆ ತಿದ್ದುಪಡಿಯಿಂದ ನೂರಕ್ಕೆ 8.33 ಆಯಿತು. ಹೊಸ ವೇತನ ಸಂಹಿತೆಯೂ ಆ ದರವನ್ನು ಉಳಿಸಿಕೊಂಡಿದೆ. ಮಾಲಿಕರು ಕೊಡುವ ಪೆಟ್ಟಿಗೆಯನ್ನು ನಿರಾಕರಿಸಿ ಎಂದು ನಾವು ಹೇಳುವುದಿಲ್ಲ. ತೆಗೆದುಕೊಳ್ಳಿ, ನಮಸ್ಕಾರ ಹೇಳಿ, ಅಲ್ಲೇ ನಿಂತು ಬೋನಸ್ಸು ಯಾವಾಗ ಎಂದು ಕೇಳಿ. ಒಬ್ಬೊಬ್ಬರೇ ಕೇಳುವುದು ಕಷ್ಟವೆನಿಸಿದರೆ ಹೆಸರನ್ನು ಸಂಘದಲ್ಲಿ ಬರೆಸಿ, ನಾವು ಬರುತ್ತೇವೆ. ಮತ್ತು ಸಾಧ್ಯವಾದರೆ ಅವರಿಗೆ ಇನ್ನೊಂದು ಮಾತು ಹೇಳಿ: ಮುಂದಿನ ವರ್ಷ ಆ ಹೊಳಪು ಪೆಟ್ಟಿಗೆಯ ದುಡ್ಡನ್ನು ಕೈಗೇ ಕೊಡಿ, ಇಲ್ಲವೇ ಒಂದು ಹತ್ತಿಯ ಚಾದರ ಕೊಡಿ, ರೂಮಿನಲ್ಲಿ ನೆಲದ ಮೇಲೆ ಮಲಗುವ ಹುಡುಗರಿಗೆ ಬೇಕಾದದ್ದು ಅದು.

ಭಾನುವಾರ ಮಧ್ಯಾಹ್ನ ಊಟದ ಗದ್ದಲ ಮುಗಿದು ಸಂಜೆಯ ಚಹಾ ಶುರುವಾಗುವ ಮೊದಲು, ಮೂರು ಗಂಟೆಗೆ, ಸಯನ್ ಸ್ಟೇಷನ್ನಿನ ಧಾರಾವಿ ಬದಿಯಲ್ಲಿ ಸೇರುವುದು. ಅಲ್ಲಿಂದ ಕುಂಭಾರವಾಡಕ್ಕೆ ನಡೆದು ಹೋಗಿ ಹಣತೆಗೆ ಮುಂಗಡ ಕೊಟ್ಟು ಬರೋಣ. ಹೊರಲು ನಾಲ್ಕು ಜನ ಹುಡುಗರು ಬೇಕು. ಒಡೆಯದಂತೆ ತುಂಬಲು ಹೋಟೆಲಿನ ಖಾಲಿ ಅಕ್ಕಿ ಗೋಣಿ ಮತ್ತು ಹಳೆಯ ವರ್ತಮಾನ ಪತ್ರಿಕೆ ತನ್ನಿ. ಮನೆಯಲ್ಲಿ ಸ್ಟೀಲಿನ ಡಬ್ಬಿ ಇದ್ದು ಹೊಸದು ಬೇಡವೆನ್ನುವವರು ಖಜಾಂಚಿಯವರ ಹತ್ತಿರ ಇಂದೇ ಹೇಳಿ. ಅವರ 130 ರೂಪಾಯಿಗೆ ಏನು ಕೊಡಬೇಕೆಂದು ಆಮೇಲೆ ಮಾತಾಡೋಣ. ಈಗ ನಮ್ಮ ಗೆಳೆಯರು, ಅಂದು ಎದ್ದುಹೋದವರು, ತಮ್ಮ ಮಾತು ಹೇಳಲಿ.